ವಿಶ್ವದಾಖಲೆ ಇದ್ದವನ ಬಳಿ ಪೌರತ್ವದ ದಾಖಲೆ ಇರಲಿಲ್ಲ

ನಾನು ಈಸು ಕಲಿತದ್ದು ಹಿರೋಳ್ಳಿ ಸೀಮೆಯ ಒಂದು ಹೊಲದ ಬಾವಿಯಲ್ಲಿ. ಆಳಂದದಿಂದ ಮಹಾರಾಷ್ಟ್ರದ ಕಡೆ ಹೊರಟರೆ ಕರ್ನಾಟಕ ಮುಗಿಯುವ ಜಾಗ ಅದು. ಬೇಸಿಗೆ ರಜೆ ಬಂತೆಂದರೆ ಸೊಂಟಕ್ಕೆ ಹಗ್ಗ, ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ಮಾವ ನಮ್ಮನ್ನು ಬಾವಿಗೆ ದಬ್ಬುತ್ತಿದ್ದ. ಎರಡು ಸಲ ನೀರು ಕುಡಿದು ಮೂರನೇ ಸಲಕ್ಕೆ ಕೈಕಾಲು ತಾನಾಗೇ ಆಡುತ್ತಿದ್ದವು. ನಮ್ಮ ಜೊತೆಗೇ ಶಾಲೆಗೆ ಬರುತ್ತಿದ್ದ ಒಬ್ಬ ಹುಡುಗ ಮಾತ್ರ ಬಾವಿಗೆ ಇಳಿಯುತ್ತಿರಲಿಲ್ಲ. ದಂಡೆಯ ಬೇವಿನ ಗಿಡದ ಕೆಳಗೆ ಕುಂತು ನಮ್ಮ ಅಂಗಿ-ಚಡ್ಡಿ ಕಾಯುತ್ತಿದ್ದ. ಅವನಿಗೆ ನೀರಂದ್ರೆ ಅಂಜಿಕೆ ಅಂತ ನಾನು ಬಹಳ ವರ್ಷ ನಂಬಿದ್ದೆ. ಅವನ ಕೇರಿ ಯಾವುದು, ಆ ಬಾವಿ ಯಾರದು ಅನ್ನೋದನ್ನ ಕೂಡಿಸಿ ನೋಡುವಷ್ಟು ಬುದ್ಧಿ ಬಂದದ್ದು ಕಾಲೇಜಿಗೆ ಹೋದ ಮೇಲೆ.

ಆಲ್ಫ್ರೆಡ್ ನಕಾಶ್ ಎಂಬ ಈಜುಗಾರನ ಬಗ್ಗೆ ಮೊದಲ ಸಲ ಓದಿದಾಗ ನನಗೆ ಆ ಬೇವಿನ ಗಿಡ ನೆನಪಾಯಿತು. ನಕಾಶ್‌ಗೆ ಚಿಕ್ಕವನಿದ್ದಾಗ ನಿಜಕ್ಕೂ ನೀರಂದ್ರೆ ಅಂಜಿಕೆ ಇತ್ತು. ಆ ಅಂಜಿಕೆ ಗೆದ್ದು ಆತ ಫ್ರಾನ್ಸ್‌ನ ಚಾಂಪಿಯನ್ ಆದ, ಎರಡು ಒಲಿಂಪಿಕ್ಸ್‌ಗೆ ಹೋದ, ವಿಶ್ವದಾಖಲೆ ಬರೆದ. ಆದರೆ ಆ ದಾಖಲೆ ಬರೆದ ದಿನ ಅವನ ಕೈಯಲ್ಲಿ ಪೌರತ್ವವೇ ಇರಲಿಲ್ಲ. ಕನ್ನಡದಲ್ಲಿ ಕ್ರೀಡೆಯ ದಾಖಲೆಗೂ ಸರ್ಕಾರ ಕೇಳುವ ದಾಖಲೆಗೂ ಒಂದೇ ಪದ. ಮೊದಲನೆಯದು ಎಷ್ಟೇ ದೊಡ್ಡದಿದ್ದರೂ ಎರಡನೆಯದರ ಮುಂದೆ ನಿಲ್ಲೋದಿಲ್ಲ ಅನ್ನೋದಕ್ಕೆ ಈ ಮನುಷ್ಯನ ಬದುಕಿಗಿಂತ ನೇರವಾದ ಸಾಕ್ಷಿ ನನಗೆ ಸಿಕ್ಕಿಲ್ಲ.

ಪೆನ್ನಿನಿಂದ ಕೊಟ್ಟದ್ದು

ನಕಾಶ್ ಹುಟ್ಟಿದ್ದು 1915ರ ನವೆಂಬರ್ 18ರಂದು, ಅಲ್ಜೀರಿಯಾದ ಕಾನ್‌ಸ್ಟಂಟೀನ್ ಪಟ್ಟಣದಲ್ಲಿ. ಆಳವಾದ ಕಣಿವೆಯ ಮೇಲೆ, ಬಂಡೆಗಳ ನೆತ್ತಿಯಲ್ಲಿ ಕಟ್ಟಿದ ಹಳೆಯ ಊರು ಅದು. ಮನೆತುಂಬ ಮಕ್ಕಳಿದ್ದ ಸಂಪ್ರದಾಯಸ್ಥ ಯಹೂದಿ ಕುಟುಂಬ. ಆಗ ಅಲ್ಜೀರಿಯಾ ಫ್ರಾನ್ಸ್‌ನ ವಸಾಹತು.

ಇಲ್ಲಿ ಒಂದು ವಿಷಯ ತಿಳಿದುಕೊಳ್ಳದೆ ಮುಂದಿನ ಕತೆ ಅರ್ಥವಾಗೋದಿಲ್ಲ. 1870ರಲ್ಲಿ ಫ್ರಾನ್ಸ್ ಸರ್ಕಾರ ಕ್ರೆಮ್ಯೂ ಆದೇಶ ಎಂಬ ಕಾನೂನು ತಂದು ಅಲ್ಜೀರಿಯಾದ ಯಹೂದಿಗಳಿಗೆ ಒಂದೇ ಏಟಿಗೆ ಫ್ರೆಂಚ್ ಪೌರತ್ವ ಕೊಟ್ಟಿತು. ಅದೇ ನೆಲದ, ಅದೇ ಓಣಿಗಳಲ್ಲಿ ಬದುಕುತ್ತಿದ್ದ ಬಹುಸಂಖ್ಯಾತ ಮುಸ್ಲಿಮರಿಗೆ ಕೊಡಲಿಲ್ಲ. ಅವರು ಪ್ರಜೆಗಳಾಗಿಯೇ ಉಳಿದರು, ಪೌರರಾಗಲಿಲ್ಲ. ಅಕ್ಕಪಕ್ಕದ ಎರಡು ಮನೆಗಳ ನಡುವೆ ಆಳುವವರು ಎಳೆದ ಗೆರೆ ಅದು. ಆ ಗೆರೆ ಒಡೆದ ಗಾಯವಾಗಿ 1934ರ ಆಗಸ್ಟ್‌ನಲ್ಲಿ ಕಾನ್‌ಸ್ಟಂಟೀನ್‌ನಲ್ಲೇ ಗಲಭೆಯಾಗಿ 25 ಯಹೂದಿಗಳು ಸತ್ತರು. ಒಡೆದು ಆಳುವುದು ಅಂದ್ರೇನು ಅಂತ ನಮಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಹುಡುಗ ನಕಾಶ್‌ಗೆ ಈ ರಾಜಕಾರಣದ ಅರಿವು ಎಷ್ಟಿತ್ತೋ, ಈಜುಕೊಳ ಮಾತ್ರ ಹತ್ತಿರವಾಯಿತು. ಊರಿನ ಸಿದಿ ಮ್ಸಿದ್ ಕೊಳದಲ್ಲಿ ಭಯ ಬಿಟ್ಟ. ಹದಿಹರೆಯದಲ್ಲೇ ಸ್ಥಳೀಯ ಸ್ಪರ್ಧೆ ಗೆದ್ದು 1933ರಲ್ಲಿ ಪ್ಯಾರಿಸ್‌ಗೆ ಹೋದ. ಅವನ ಶೈಲಿ ನೋಡಲು ಚೆಂದ ಇರಲಿಲ್ಲ. ಅಗಲ ಭುಜದ ಬಲದಿಂದ ನೀರನ್ನು ಸೀಳಿಕೊಂಡು ಹೋಗುತ್ತಿದ್ದ, ಅಷ್ಟೇ. ಅವನ ದೊಡ್ಡ ಎದುರಾಳಿ ಜಾಕ್ ಕಾರ್ತೊನೆ. ಆತನದು ಪತ್ರಿಕೆಗಳು ಹೊಗಳುವ ಸೊಗಸಾದ ಈಜು. ಈ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

1935ರಲ್ಲಿ ನಕಾಶ್ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಫ್ರಾನ್ಸ್‌ನ ಚಾಂಪಿಯನ್ ಆದ. ಮರುವರ್ಷ ಬರ್ಲಿನ್ ಒಲಿಂಪಿಕ್ಸ್. ಜರ್ಮನಿಯ ಯಹೂದಿಗಳ ಪೌರತ್ವವನ್ನು ಹಿಟ್ಲರ್ ಸರ್ಕಾರ 1935ರ ಸೆಪ್ಟೆಂಬರ್‌ನಲ್ಲೇ ನ್ಯೂರೆಂಬರ್ಗ್ ಕಾನೂನಿನಿಂದ ಕಿತ್ತುಕೊಂಡಾಗಿತ್ತು. ಅದೇ ಬರ್ಲಿನ್‌ನ ಕೊಳಕ್ಕೆ ಅಲ್ಜೀರಿಯಾದ ಈ ಯಹೂದಿ ಫ್ರಾನ್ಸ್‌ನ ಪೌರನಾಗಿ ಇಳಿದ. 4x200 ಮೀಟರ್ ರಿಲೇಯಲ್ಲಿ ಫ್ರಾನ್ಸ್ ನಾಲ್ಕನೆಯದಾಗಿ ಮುಗಿಸಿತು. ಪದಕ ಬರಲಿಲ್ಲ, ಆದರೆ ಐದನೆಯ ಸ್ಥಾನಕ್ಕೆ ಹೋದದ್ದು ಆತಿಥೇಯ ಜರ್ಮನಿ. ಆಗ ನಕಾಶ್‌ಗೆ 20 ವರ್ಷ. ಪಕ್ಕದ ದೇಶದ ಯಹೂದಿಗಳಿಗೆ ಆಗಿದ್ದು ತನಗೂ ಆಗಬಹುದು ಅಂತ ಫ್ರಾನ್ಸ್‌ನಂಥ ದೇಶದಲ್ಲಿ ಇದ್ದ ಯಾರು ತಾನೇ ಅಂದುಕೊಂಡಾರು?

ಪೆನ್ನಿನಿಂದ ಕಿತ್ತುಕೊಂಡದ್ದು

1940ರ ಜೂನ್‌ನಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾಯಿತು. ವಿಶಿ ಪಟ್ಟಣದಲ್ಲಿ ಮಾರ್ಷಲ್ ಪೆತಾಂ ನೇತೃತ್ವದ ಸರ್ಕಾರ ಬಂತು. ಅಕ್ಟೋಬರ್ 3ರಂದು ಯಹೂದಿಗಳನ್ನು ಸರ್ಕಾರಿ ನೌಕರಿ, ಶಿಕ್ಷಕ ವೃತ್ತಿ, ಪತ್ರಿಕೆಗಳಿಂದ ಹೊರಗಿಡುವ ಕಾನೂನು ಆಯಿತು. ವ್ಯಾಯಾಮ ಶಿಕ್ಷಕನಾಗಿದ್ದ ನಕಾಶ್ ಕೆಲಸ ಹೋಯಿತು. ನಾಲ್ಕೇ ದಿನಕ್ಕೆ, ಅಕ್ಟೋಬರ್ 7ರಂದು, 1870ರ ಕ್ರೆಮ್ಯೂ ಆದೇಶ ರದ್ದಾಯಿತು. 70 ವರ್ಷ, ಮೂರು ತಲೆಮಾರು ಫ್ರೆಂಚರಾಗಿ ಬದುಕಿದ್ದ ಸಮುದಾಯ ಬೆಳಗಾಗುವುದರೊಳಗೆ ಪೌರತ್ವ ಕಳೆದುಕೊಂಡಿತು. ಗಮನಿಸಿ, ಇದನ್ನು ಮಾಡಿದ್ದು ಜರ್ಮನ್ ಸೈನ್ಯ ಅಲ್ಲ. ಫ್ರೆಂಚ್ ಅಧಿಕಾರಿಗಳೇ ಫ್ರೆಂಚ್ ಭಾಷೆಯಲ್ಲಿ ಬರೆದ ಫ್ರೆಂಚ್ ಕಾನೂನು ಅದು.

ನಕಾಶ್ ಹೆಂಡತಿ ಪೋಲ್ ಜೊತೆ ದಕ್ಷಿಣದ ತುಲೂಸ್ ನಗರಕ್ಕೆ ಬಂದ. ಆ ಭಾಗದಲ್ಲಿ ಆಗಿನ್ನೂ ಜರ್ಮನ್ ಸೈನ್ಯ ಇರಲಿಲ್ಲ. ಗಂಡ-ಹೆಂಡತಿ ಒಂದು ವ್ಯಾಯಾಮ ಶಾಲೆ ನಡೆಸಿದರು. ಆಲ್ಬಾಂ ಮೆಂವಿಲ್ ಎಂಬ ಕೋಚ್ ಕೈಕೆಳಗೆ ತುಲೂಸ್‌ನ ಡಾಲ್ಫಿನ್ಸ್ ತಂಡದಲ್ಲಿ ನಕಾಶ್ ಮತ್ತೆ ಈಜತೊಡಗಿದ. ಅಲ್ಲೇ ಅವನ ಈಜು ಬದಲಾಯಿತು.

ಆ ಕಾಲದಲ್ಲಿ ಬಟರ್‌ಫ್ಲೈ ಅಂತ ಬೇರೆ ಸ್ಪರ್ಧೆ ಇರಲಿಲ್ಲ. ಬ್ರೆಸ್ಟ್‌ಸ್ಟ್ರೋಕ್ ಈಜುವಾಗ ಎರಡೂ ತೋಳನ್ನು ನೀರಿನ ಮೇಲೆ ಎತ್ತಿ ಮುಂದೆ ಎಸೆಯಬಹುದು, ನಿಯಮದಲ್ಲಿ ತಡೆ ಇಲ್ಲ ಎಂದು ಕೆಲವರು ಕಂಡುಕೊಂಡಿದ್ದರು. ಕಾಲು ಕಪ್ಪೆಯಂತೆ, ಕೈ ಚಿಟ್ಟೆಯಂತೆ. ವೇಗ ಹೆಚ್ಚು, ಆದರೆ ಭುಜ ಕಿತ್ತು ಬರುವಷ್ಟು ಶ್ರಮ. ನಕಾಶ್‌ನ ಮೈಕಟ್ಟಿಗೆ ಹೇಳಿ ಮಾಡಿಸಿದ ಈಜು. 1941ರ ಜುಲೈ 6ರಂದು ಮಾರ್ಸೆಯಲ್ಲಿ 200 ಮೀಟರನ್ನು 2 ನಿಮಿಷ 36.8 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದ. ಕ್ರೆಮ್ಯೂ ಆದೇಶ ರದ್ದಾಗಿ ಆಗಲೇ ಒಂಬತ್ತು ತಿಂಗಳು ಕಳೆದಿತ್ತು.

ನನ್ನ ಮನಸ್ಸು ಪದೇ ಪದೇ ನಿಲ್ಲುವ ಜಾಗ ಇದೇ. ಫ್ರಾನ್ಸ್‌ನ ಹೆಸರಲ್ಲಿ ದಾಖಲೆ ಬೇಕು, ದಾಖಲೆ ಬರೆದವನು ಫ್ರೆಂಚ್ ಅಲ್ಲ. 1942ರಲ್ಲಿ ಆತ ಐದು ರಾಷ್ಟ್ರೀಯ ಪ್ರಶಸ್ತಿ ಗೆದ್ದ. ಅದೇ ವರ್ಷದ ಜುಲೈನಲ್ಲಿ ಜರ್ಮನ್ನರ ವಶದಲ್ಲಿದ್ದ ಉತ್ತರ ಭಾಗದಲ್ಲಿ ಯಹೂದಿಗಳು ಹೋಟೆಲು, ಸಿನೆಮಾ, ಗ್ರಂಥಾಲಯ, ಈಜುಕೊಳಗಳಿಗೆ ಕಾಲಿಡಬಾರದು ಎಂಬ ಆದೇಶ ಹೊರಟಿತು. ಅವನ ಸಮುದಾಯದ ಮಕ್ಕಳು ಪ್ಯಾರಿಸ್‌ನ ಕೊಳಕ್ಕೆ ಇಳಿಯುವಂತಿಲ್ಲ, ಅವನು ಮಾತ್ರ ದಕ್ಷಿಣದಲ್ಲಿ ಕಪ್ ಗೆಲ್ಲುತ್ತಿದ್ದಾನೆ. ಈತನೊಬ್ಬ ಒಳ್ಳೆಯವನು, ಉಪಯೋಗಕ್ಕೆ ಬರುವವನು ಅನ್ನೋ ವಿನಾಯಿತಿ ಅದು.

ವಿನಾಯಿತಿ ಎಷ್ಟು ದಿನ? 1942ರ ನವೆಂಬರ್‌ನಲ್ಲಿ ಜರ್ಮನ್ ಸೈನ್ಯ ತುಲೂಸ್‌ಗೂ ಬಂತು. ಹಿಟ್ಲರ್ ಪರ ಪತ್ರಿಕೆಗಳು ಈ ಯಹೂದಿ ಇನ್ನೂ ಹೇಗೆ ಈಜುತ್ತಿದ್ದಾನೆ ಎಂದು ಗದ್ದಲ ಎಬ್ಬಿಸಿದವು. 1943ರ ಬೇಸಿಗೆಯಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದದ್ದು ಅವನ ಊರಾದ ತುಲೂಸ್‌ನಲ್ಲೇ. ಅವನಿಗೆ ಪ್ರವೇಶ ಇಲ್ಲ ಎಂದರು. ಆಗ ಒಂದು ಘಟನೆ ನಡೆಯಿತು. ಅವನ ತಂಡದ ಗೆಳೆಯರು, ಅವನಿಲ್ಲದ ಕೊಳಕ್ಕೆ ನಾವೂ ಇಳಿಯೋದಿಲ್ಲ ಅಂತ ಸ್ಪರ್ಧೆ ಬಿಟ್ಟರು. ಜರ್ಮನ್ ಬಂದೂಕಿನ ನೆರಳಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗರು ತೆಗೆದುಕೊಂಡ ನಿರ್ಧಾರ ಅದು. ಅದರಿಂದ ನಕಾಶ್ ಉಳಿಯಲಿಲ್ಲ. ಆದರೂ ಆ ಹುಡುಗರ ಬಗ್ಗೆ ನನಗೆ ಅವನ ದಾಖಲೆಗಿಂತ ಹೆಚ್ಚು ಗೌರವ. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ಅಷ್ಟೊತ್ತಿಗೆ ಉತ್ತರ ಆಫ್ರಿಕಾ ಮಿತ್ರಪಡೆಗಳ ಕೈಗೆ ಬಂದಿತ್ತು. 1943ರ ಅಕ್ಟೋಬರ್‌ನಲ್ಲಿ ಅಲ್ಜೀರಿಯಾದಲ್ಲಿ ಕ್ರೆಮ್ಯೂ ಆದೇಶ ಮತ್ತೆ ಜಾರಿಗೆ ಬಂತು. ನಕಾಶ್ ಹುಟ್ಟೂರಿನಲ್ಲಿ ಅವನ ಜನ ಮರಳಿ ಪೌರರಾದರು. ಅದಾಗಿ ಎರಡು ತಿಂಗಳಿಗೆ, ಡಿಸೆಂಬರ್ 20ರಂದು, ತುಲೂಸ್‌ನಲ್ಲಿ ಗೆಸ್ಟಪೊ ಅವನನ್ನು ಬಂಧಿಸಿತು. ಹೆಂಡತಿ ಪೋಲ್, ಎರಡು ವರ್ಷ ದಾಟಿದ್ದ ಮಗಳು ಆನಿ ಕೂಡ ಸಿಕ್ಕಿಬಿದ್ದರು. ಸುಳಿವು ಕೊಟ್ಟವನು ಹಳೆಯ ಎದುರಾಳಿ ಕಾರ್ತೊನೆ ಎಂದು ಬಹಳ ಜನ ನಂಬಿದ್ದರು. ಆತ ಜರ್ಮನ್ನರ ಪರ ಕೆಲಸ ಮಾಡುತ್ತಿದ್ದ ಮಿಲಿಸ್ ಎಂಬ ಪಡೆ ಸೇರಿದ್ದ. ಆದರೆ ಆರೋಪ ಸಾಬೀತಾಗಲಿಲ್ಲ. ಹಾಗಾಗಿ ನಾನೂ ಅದನ್ನು ತೀರ್ಪಾಗಿ ಬರೆಯೋದಿಲ್ಲ.

ಬೆಂಕಿ ಆರಿಸುವ ನೀರಿನಲ್ಲಿ

1944ರ ಜನವರಿ 20ರಂದು ಪ್ಯಾರಿಸ್ ಬಳಿಯ ದ್ರಾಂಸಿ ಶಿಬಿರದಿಂದ 1,100ಕ್ಕೂ ಹೆಚ್ಚು ಜನರನ್ನು ತುಂಬಿಕೊಂಡ ರೈಲು ಆಶ್‌ವಿಟ್ಜ್‌ಗೆ ಹೊರಟಿತು. ಇಳಿದ ಕೂಡಲೇ ದುಡಿಯಬಲ್ಲ ಗಂಡಸರನ್ನು ಒಂದು ಕಡೆ, ತಾಯಿ-ಮಕ್ಕಳನ್ನು ಇನ್ನೊಂದು ಕಡೆ ನಿಲ್ಲಿಸಿದರು. ಪೋಲ್ ಮತ್ತು ಆನಿಯನ್ನು ಗ್ಯಾಸ್ ಕೋಣೆಯಲ್ಲಿ ಕೊಂದರು. ನಕಾಶ್‌ಗೆ ಅದು ಖಚಿತವಾಗಿ ಗೊತ್ತಾದದ್ದು ಯುದ್ಧ ಮುಗಿದ ಮೇಲೆ. ಅಲ್ಲಿಯತನಕ ಅವರು ಎಲ್ಲೋ ಇದ್ದಾರೆ ಅನ್ನೋ ಆಸೆಯಲ್ಲಿ ದಿನ ದೂಡಿದ.

ಅವನನ್ನು ಮೊನೊವಿಟ್ಜ್ ಎಂಬ ಶಿಬಿರಕ್ಕೆ ಹಾಕಿದರು. ಅಲ್ಲಿ ಬೆಂಕಿ ಅನಾಹುತಕ್ಕೆಂದು ಕಟ್ಟಿದ ನೀರಿನ ತೊಟ್ಟಿಗಳಿದ್ದವು. ಕೊಳಕು ನೀರು, ಚಳಿಗಾಲದಲ್ಲಿ ಮಂಜುಗಡ್ಡೆಯಂತೆ ತಣ್ಣಗೆ. ಕಾವಲಿನವರಿಗೆ ಈತ ಚಾಂಪಿಯನ್ ಅಂತ ಗೊತ್ತಾಯಿತು. ಕಠಾರಿಯನ್ನು ತೊಟ್ಟಿಗೆ ಎಸೆದು, ಮುಳುಗಿ ಹಲ್ಲಿನಲ್ಲಿ ಕಚ್ಚಿ ತಾ ಎಂದು ನಾಯಿಯಂತೆ ಆಡಿಸಿದರು. ಪುಕ್ಕಟೆ ಮನರಂಜನೆ.

ಅದೇ ತೊಟ್ಟಿಯಲ್ಲಿ ನಕಾಶ್ ಇನ್ನೊಂದು ಕೆಲಸ ಮಾಡಿದ. 1944ರ ಬೇಸಿಗೆಯಲ್ಲಿ ನೋವಾ ಕ್ಲೀಗರ್ ಎಂಬ ಹದಿನೆಂಟರ ಹುಡುಗನ ಜೊತೆ ಸೇರಿ, ಬೇರೆ ಕೈದಿಗಳು ಕಾವಲು ನಿಂತಾಗ ಕದ್ದು ಈಜಿದ. ಸಿಕ್ಕಿಬಿದ್ದರೆ ಸಾವೇ. ಯಾವ ಗಡಿಯಾರವೂ ಇಲ್ಲದ, ಯಾವ ಪುಸ್ತಕದಲ್ಲೂ ದಾಖಲಾಗದ ಈಜು. ಕಾವಲಿನವರು ಹೇಳಿದಾಗ ಮುಳುಗಿದ ಮೈ ತನ್ನದೇ ಅಂತ ತನಗೇ ತೋರಿಸಿಕೊಳ್ಳಲು ಆತನಿಗೆ ಅದು ಬೇಕಿತ್ತೇನೋ ಅಂತ ನಾನು ಅಂದುಕೊಳ್ಳುತ್ತೇನೆ.

1945ರ ಜನವರಿಯಲ್ಲಿ ರಷ್ಯನ್ ಸೈನ್ಯ ಹತ್ತಿರ ಬಂದಾಗ ಕೈದಿಗಳನ್ನು ಹಿಮದಲ್ಲಿ ನಡೆಸಿಕೊಂಡು ಹೋದರು. ನಡೆಯಲಾರದವರಿಗೆ ದಾರಿಯಲ್ಲೇ ಗುಂಡು. ಅಲ್ಲಿ ಪರಿಚಯವಾಗಿದ್ದ ಟ್ಯೂನಿಸ್ ಊರಿನ ಮಾಜಿ ವಿಶ್ವ ಬಾಕ್ಸಿಂಗ್ ಚಾಂಪಿಯನ್ ಯಂಗ್ ಪೆರೆಜ್ ಆ ನಡಿಗೆಯಲ್ಲೇ ಕೊಲೆಯಾದ. ನಕಾಶ್ ಬುಖೆನ್‌ವಾಲ್ಡ್ ಶಿಬಿರ ತಲುಪಿದ. ಏಪ್ರಿಲ್‌ನಲ್ಲಿ ಬಿಡುಗಡೆ ಆದಾಗ ಮೈತೂಕ ಅರ್ಧದಷ್ಟು ಇಳಿದಿತ್ತು.

ತನ್ನದೇ ಹೆಸರಿನ ಕೊಳ

ತುಲೂಸ್‌ಗೆ ಮರಳಿದಾಗ ಊರವರು ಬೆಚ್ಚಿದರು. ಸತ್ತೇ ಹೋದ ಎಂದು ನಂಬಿ 1944ರಲ್ಲೇ ನಗರದ ಈಜುಕೊಳಕ್ಕೆ ಅವನ ಹೆಸರಿಟ್ಟಿದ್ದರು. ಬದುಕಿರುವ ಮನುಷ್ಯ ತನ್ನ ಸ್ಮಾರಕದಲ್ಲೇ ಈಜಿ ಮೈ ಕಟ್ಟಿಕೊಂಡ. ಹೆಂಡತಿ ಮಗಳು ಬರಲಿಲ್ಲ.

ಇಲ್ಲಿ ಮೆಡ್ಲಿ ಎಂಬ ಸ್ಪರ್ಧೆ ಬರುತ್ತದೆ. ಬೇರೆ ಬೇರೆ ಬಗೆಯ ಈಜುಗಳನ್ನು ಒಂದರ ಹಿಂದೊಂದು ಈಜುವುದು ಮೆಡ್ಲಿ. ಒಲಿಂಪಿಕ್ಸ್‌ಗೆ ಮೆಡ್ಲಿ ರಿಲೇ ಬಂದದ್ದು 1960ರಲ್ಲಿ, ಒಬ್ಬರೇ ನಾಲ್ಕೂ ಬಗೆ ಈಜುವ ವೈಯಕ್ತಿಕ ಮೆಡ್ಲಿ ಬಂದದ್ದು 1964ರಲ್ಲಿ. ಅದಕ್ಕೂ ಮೊದಲು ಮೂವರು ಮೂರು ಬಗೆ ಈಜುವ 3x100 ಮೀಟರ್ ರಿಲೇ ಇತ್ತು. 1946ರಲ್ಲಿ ಜಾರ್ಜ್ ವಲ್ರೇ ಬ್ಯಾಕ್‌ಸ್ಟ್ರೋಕ್, ನಕಾಶ್ ಬ್ರೆಸ್ಟ್‌ಸ್ಟ್ರೋಕ್ ಹೆಸರಿನ ಬಟರ್‌ಫ್ಲೈ, ಅಲೆಕ್ಸ್ ಜಾನಿ ಫ್ರೀಸ್ಟೈಲ್ ಈಜಿ ಅದರ ವಿಶ್ವದಾಖಲೆ ಮುರಿದರು. ಸಾವಿನ ಶಿಬಿರದಿಂದ ಹೊರಬಂದು ಒಂದೇ ವರ್ಷಕ್ಕೆ. ಈ ಸಲ ಅವನ ಬಳಿ ಎರಡೂ ಬಗೆಯ ದಾಖಲೆ ಇದ್ದವು. ನೋಡಲು ಹೆಂಡತಿ, ಮಗಳು ಇರಲಿಲ್ಲ.

1948ರ ಆಗಸ್ಟ್‌ನಲ್ಲಿ 32ನೇ ವಯಸ್ಸಿಗೆ ಲಂಡನ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಸೆಮಿಫೈನಲ್ ತಲುಪಿದ. ಅದೇ ಕೂಟದಲ್ಲಿ ಸ್ವತಂತ್ರ ಭಾರತದ ಹಾಕಿ ತಂಡ ಬ್ರಿಟನ್ನನ್ನು ಸೋಲಿಸಿ ಚಿನ್ನ ಗೆದ್ದದ್ದು ನಮಗೆ ಗೊತ್ತು. ಆದರೆ ಆ ಆಗಸ್ಟ್‌ನಲ್ಲಿ ನಮ್ಮ ಸೀಮೆ ಇನ್ನೂ ಆ ಭಾರತದಲ್ಲಿ ಇರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಎಲ್ಲ ನಿಜಾಮನ ಸಂಸ್ಥಾನ. ರಜಾಕಾರರ ಹಾವಳಿಗೆ ಅಂಜಿ ಗಡಿ ಊರುಗಳ ಎಷ್ಟೋ ಕುಟುಂಬಗಳು ಆಚೆ ಸೊಲ್ಲಾಪುರದ ಕಡೆ ಹೋಗಿದ್ದವು. ನಮ್ಮಜ್ಜಿ ಅವರಲ್ಲೊಬ್ಬಳು. ಸೆಪ್ಟೆಂಬರ್ 17ಕ್ಕೆ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಅವಳು ಊರಿಗೆ ಮರಳಿದಳು. ಆಮೇಲೆ ಅಂಜಿ ಓಡುವ ಸರದಿ ಮುಸ್ಲಿಮರದಾಯಿತು. ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು ಕನಿಷ್ಠ 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ನಮ್ಮ ಕಲಬುರಗಿಯೂ ಇತ್ತು. ನಮ್ಮಜ್ಜಿ ಮೊದಲನೇ ಕತೆಯನ್ನು ನೂರು ಸಲ ಹೇಳಿದ್ದಳು. ಎರಡನೆಯದನ್ನು ಒಮ್ಮೆಯೂ ಹೇಳಲಿಲ್ಲ.

ನಕಾಶ್ ಆಮೇಲೆ ಮತ್ತೆ ಮದುವೆಯಾದ, ಕೋಚ್ ಆದ, ಕೆಲವು ವರ್ಷ ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪದಲ್ಲಿದ್ದ. 1983ರ ಆಗಸ್ಟ್ 4ರಂದು ಸ್ಪೇನ್ ಗಡಿಯ ಸೆರ್ಬೇರ್ ಎಂಬ ಊರಿನ ಬಂದರಿನಲ್ಲಿ ಎಂದಿನಂತೆ ಈಜುತ್ತಿದ್ದಾಗ ಎದೆನೋವು ಬಂದು ತೀರಿಕೊಂಡ. 67 ವರ್ಷ. ಸೇತ್ ಊರಿನ ಅವನ ಸಮಾಧಿಯ ಮೇಲೆ ಪೋಲ್, ಆನಿ ಹೆಸರೂ ಇದೆ. ಅಂತರರಾಷ್ಟ್ರೀಯ ಈಜು ಸಂಸ್ಥೆಗಳ ಗೌರವ ಪಟ್ಟಿಗೆ ಅವನ ಹೆಸರು ಸೇರಿದ್ದು 2019ರಲ್ಲಿ.

ಬಹುಮಾನ ಅಲ್ಲ, ಹಕ್ಕು

ಅದೇ 2019ರ ಆಗಸ್ಟ್ 31ರಂದು ಅಸ್ಸಾಂನ ಪೌರತ್ವ ಪಟ್ಟಿ ಬಂತು. 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅದೇ ವರ್ಷ, ಸೇನೆಯಲ್ಲಿ ಸುಮಾರು 30 ವರ್ಷ ದುಡಿದ ಒಬ್ಬ ನಿವೃತ್ತ ಅಧಿಕಾರಿಯನ್ನು ವಿದೇಶಿ ಎಂದು ಘೋಷಿಸಿ ಬಂಧನ ಕೇಂದ್ರಕ್ಕೆ ಕಳಿಸಿದ್ದರು. ಹೈಕೋರ್ಟ್ ಜಾಮೀನು ಕೊಟ್ಟ ಮೇಲೆ ಆತ ಹೊರಬಂದರು. ಇದನ್ನೂ ಆಶ್‌ವಿಟ್ಜ್ ಅನ್ನೂ ನಾನು ತಕ್ಕಡಿಯಲ್ಲಿಟ್ಟು ತೂಗುತ್ತಿಲ್ಲ. ಹಾಗೆ ತೂಗುವುದು ಸತ್ತವರಿಗೆ ಮಾಡುವ ಅವಮಾನ. ನಾನು ಕೇಳುತ್ತಿರುವುದು ಮೊದಲ ಮೆಟ್ಟಿಲ ಬಗ್ಗೆ ಮಾತ್ರ. ಕಾಗದ ತೋರಿಸು ಎಂದಾಗ ಮನುಷ್ಯ ಮಾಡಿದ ಸೇವೆ, ಗೆದ್ದ ಪದಕ ಯಾಕೆ ಲೆಕ್ಕಕ್ಕೆ ಬರೋದಿಲ್ಲ?

ಬರಬಾರದು ಅಂತಲೇ ನನ್ನ ಈಗಿನ ಉತ್ತರ. ಪದಕ ಲೆಕ್ಕಕ್ಕೆ ಬಂದರೆ ಪದಕ ಇಲ್ಲದವರ ಗತಿ ಏನು? ಯಾರಾದರೂ ಅನ್ಯಾಯಕ್ಕೆ ಒಳಗಾದಾಗ ನಾವು ಥಟ್ಟನೆ ಅವರ ಸಾಧನೆಯ ಪಟ್ಟಿ ತೆಗೆಯುತ್ತೇವೆ. ಈತ ಸೈನಿಕ, ಈಕೆ ರ‍್ಯಾಂಕ್ ಬಂದವಳು, ಇವನ ತಾತ ಸ್ವಾತಂತ್ರ್ಯ ಹೋರಾಟಗಾರ ಅಂತ ವಾದಿಸುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತೇವೆ, ನಾನೂ ಮಾಡಿದ್ದೇನೆ. ಆದರೆ ಆ ವಾದ ಹಕ್ಕನ್ನು ಬಹುಮಾನ ಮಾಡಿಬಿಡುತ್ತದೆ. ನಕಾಶ್ ಎಷ್ಟು ಅರ್ಹನೋ, ಆ ರೈಲಿನಲ್ಲಿದ್ದ ಉಳಿದ ಸಾವಿರದ ಚಿಲ್ಲರೆ ಜನರೂ ಅಷ್ಟೇ ಅರ್ಹರು. ಅವರಲ್ಲಿ ಈಸಲು ಬಾರದವರೇ ಹೆಚ್ಚಿರಬೇಕು. ಆನಿ ಇನ್ನೂ ಈಸು ಕಲಿಯುವ ವಯಸ್ಸಿಗೇ ಬಂದಿರಲಿಲ್ಲ.

ನೀರಿನ ಮೇಲಿನ ಹಕ್ಕಿಗೆ ಅರ್ಹತೆ ಬೇಕಿಲ್ಲ ಅನ್ನೋದನ್ನ ನಮ್ಮ ಪಕ್ಕದ ಸೀಮೆಯಲ್ಲೇ ತೋರಿಸಿಕೊಟ್ಟದ್ದು 1927ರ ಮಾರ್ಚ್ 20ರ ಮಹಾಡ್. ಅಂದು ಬಾಬಾಸಾಹೇಬರ ಹಿಂದೆ ಚವದಾರ ಕೆರೆಗೆ ನಡೆದು ಬಂದವರು ಯಾವ ಸ್ಪರ್ಧೆ ಗೆದ್ದವರೂ ಅಲ್ಲ. ಕೆರೆ ಎಲ್ಲರದು, ಅಷ್ಟೇ ಅವರ ವಾದ.

ಹೋದ ವರ್ಷ ಊರಿಗೆ ಹೋದಾಗ ಆ ಬಾವಿ ನೋಡಿದೆ. ಸುತ್ತ ಬೋರ್‌ವೆಲ್ ಆಗಿ ನೀರು ತಳ ಹಿಡಿದಿದೆ, ಯಾರೂ ಈಸುವುದಿಲ್ಲ. ಬೇವಿನ ಗಿಡ ಇದೆ. ಗೆಳೆಯ ಆಳಂದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ, ಚಹಾ ಕುಡಿದೆವು. ಆಮೇಲಾದರೂ ಈಸು ಕಲಿತೆಯಾ ಅಂತ ಕೇಳಿದೆ. ಇಲ್ಲ ಅಂದ. ಮಗಳ ಓದಿನ ವಿಷಯ ತೆಗೆದ.

ತುಲೂಸ್‌ನ ಆ ಹುಡುಗರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ ಅಂದಿದ್ದೆ. ಅವರ ಮುಂದೆ ಜರ್ಮನ್ ಸೈನ್ಯ ಇತ್ತು, ಆದರೂ ಗೆಳೆಯನಿಲ್ಲದ ನೀರಿಗೆ ಇಳಿಯಲಿಲ್ಲ. ನಮ್ಮ ಮುಂದೆ ಇದ್ದದ್ದು ಒಬ್ಬ ಹೊಲದ ಮಾಲೀಕ, ಒಂದೆರಡು ಬೈಗುಳ, ಹೆಚ್ಚೆಂದರೆ ಮನೆಯಲ್ಲಿ ಎರಡು ಏಟು. ನಾವು ಆರು ಜನ ಇದ್ದೆವು. ಅಷ್ಟೂ ಬೇಸಿಗೆಗಳಲ್ಲಿ ಒಂದು ದಿನವೂ ನಮ್ಮಲ್ಲಿ ಒಬ್ಬರೂ, ಅವನು ಬಂದರೆ ಇಳೀತೀವಿ ಇಲ್ಲಾಂದ್ರೆ ಇಲ್ಲ ಅನ್ನಲಿಲ್ಲ. ಬಟ್ಟೆ ಅವನ ಕೈಗೆ ಕೊಟ್ಟು ಬಾವಿಗೆ ಹಾರಿದೆವು.